ಒಲಿಂಪಿಯಾದಲ್ಲಿ ಸಿಯಾಟಲ್: ನಗರವೊಂದು ಕಾನೂನು ಕೇಳುವ ಬಗೆ

ವಾಷಿಂಗ್ಟನ್ ರಾಜ್ಯದ ಅತಿ ದೊಡ್ಡ ನಗರ ಸಿಯಾಟಲ್. ಅದಕ್ಕೆ ತನ್ನದೇ ಸನ್ನದು, ಚುನಾಯಿತ ಮೇಯರ್, ಕೌನ್ಸಿಲ್ ಎಲ್ಲ ಇವೆ. ಆದರೂ ಹೊಸ ಬಗೆಯ ತೆರಿಗೆ ಹಾಕಲು, ಸಿಗ್ನಲ್ ಕಂಬದ ಕ್ಯಾಮೆರಾ ನೋಡಿ ದಂಡದ ನೋಟಿಸು ಕಳಿಸಲು ರಾಜ್ಯದ ಕಾನೂನಿನ ಅನುಮತಿ ಬೇಕು. ಮನೆ ಬಾಡಿಗೆಗೆ ಮಿತಿ ಹಾಕುವ ಅಧಿಕಾರವನ್ನು ರಾಜ್ಯ 1981ರಲ್ಲೇ ನಗರಗಳಿಂದ ಕಿತ್ತುಕೊಂಡಿತು. ಹೀಗಾಗಿ ಪ್ರತಿ ಜನವರಿಯಲ್ಲಿ ನಗರ ತನ್ನ ಬೇಡಿಕೆಗಳನ್ನು ಹೊತ್ತು ಸುಮಾರು 95 ಕಿ.ಮೀ. ದಕ್ಷಿಣದಲ್ಲಿರುವ ರಾಜಧಾನಿ ಒಲಿಂಪಿಯಾಕ್ಕೆ ಹೋಗುತ್ತದೆ.

ಸಿದ್ಧತೆ ರಾಜ್ಯ ಶಾಸಕಾಂಗದ ಅಧಿವೇಶನಕ್ಕೆ ತಿಂಗಳುಗಳ ಮುಂಚೆ ಶುರುವಾಗುತ್ತದೆ. ಇಲಾಖೆಗಳ ಬೇಡಿಕೆಗಳನ್ನು ಅಂತರ್‌ಸರ್ಕಾರಿ ಸಂಬಂಧಗಳ ಕಚೇರಿ ಸೋಸುತ್ತದೆ. ಮೇಯರ್ ಮತ್ತು ಕೌನ್ಸಿಲ್ ಒಪ್ಪಿದ ಕಾರ್ಯಸೂಚಿಯೇ ಆ ವರ್ಷ ನಗರದ ಅಧಿಕೃತ ನಿಲುವು. ಇಲ್ಲಿ ಅನುಭವ ಕಲಿಸುವ ಮೊದಲ ಪಾಠ, ಪಟ್ಟಿ ಬೆಳೆದಷ್ಟೂ ಅದರ ತೂಕ ಇಳಿಯುತ್ತದೆ ಎಂಬುದು. ಯಾವುದು ಈ ವರ್ಷವೇ ಆಗಬೇಕು, ಯಾವುದಕ್ಕೆ ಬೆಂಬಲ ಸೂಚಿಸಿದರೆ ಸಾಕು ಎಂದು ನಗರವೇ ವಿಂಗಡಿಸದಿದ್ದರೆ ಶಾಸಕರು ತಮಗೆ ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾರೆ.

ಎರಡನೆಯದು ಕಾಲದ ಲೆಕ್ಕ. ಬೆಸ ವರ್ಷದ ಅಧಿವೇಶನ 105 ದಿನ, ಸಮ ವರ್ಷದ್ದು 60 ದಿನ. ಮಸೂದೆ ಸಮಿತಿಯಿಂದ ಹೊರಬರಲು, ಹಣಕಾಸು ಸಮಿತಿ ದಾಟಲು, ಮೊದಲ ಸದನದಲ್ಲಿ ಅಂಗೀಕಾರವಾಗಲು ಒಂದೊಂದಕ್ಕೂ ಕಡೆಯ ದಿನಾಂಕವಿದೆ. ಯಾರೂ ವಿರೋಧಿಸದ ಮಸೂದೆಯೂ ಸರದಿ ಬಾರದೆ ಅಲ್ಲೇ ಉಳಿಯಬಹುದು. ಬೆಸ ವರ್ಷದಲ್ಲಿ ಹೀಗೆ ಉಳಿದದ್ದನ್ನು ಮರುವರ್ಷ ಅದೇ ಸಂಖ್ಯೆಯಲ್ಲಿ ಮುಂದುವರಿಸಬಹುದು.

ಪ್ರತಿನಿಧಿ ಸಭೆಯ 1793ನೇ ಮಸೂದೆ ಇದಕ್ಕೆ ಒಳ್ಳೆಯ ನಿದರ್ಶನ. ಮುಂದೆ ಜಾಗವಿಲ್ಲದಿದ್ದರೂ ಜಂಕ್ಷನ್ನಿಗೆ ನುಗ್ಗಿ, ಕೆಂಪು ದೀಪ ಬಿದ್ದ ಮೇಲೆ ನಡುವೆಯೇ ನಿಲ್ಲುವ ಕಾರುಗಳು ಪೇಟೆಯ ಬಸ್ಸುಗಳನ್ನೂ ಪಾದಚಾರಿಗಳನ್ನೂ ತಡೆಯುತ್ತಿದ್ದವು. ಪೊಲೀಸರು ಅಂಥ ಕಾರನ್ನು ಅಲ್ಲೇ ನಿಲ್ಲಿಸಿ ಚೀಟಿ ಬರೆದರೆ ಸಂಚಾರ ಇನ್ನಷ್ಟು ಕಟ್ಟಿಕೊಳ್ಳುತ್ತಿತ್ತು. ಅದಕ್ಕೇ ನಗರ ಕ್ಯಾಮೆರಾ ಕೇಳಿತು. 2019ರಲ್ಲಿ ಮಂಡನೆಯಾದ ಮಸೂದೆ ಆ ವರ್ಷ ದಡ ಸೇರಲಿಲ್ಲ, 2020ರಲ್ಲಿ ಕಾನೂನಾಯಿತು.

ಅಂಗೀಕಾರವಾದ ರೂಪದಲ್ಲಿ ರಾಜಿಯ ಗುರುತುಗಳು ಎದ್ದು ಕಾಣುತ್ತವೆ. ಐದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಕ್ಕೆ ಮಾತ್ರ ಅವಕಾಶ ಎಂದಿತು ಕಾನೂನು. ರಾಜ್ಯದಲ್ಲಿ ಅಂಥ ನಗರ ಸಿಯಾಟಲ್ ಒಂದೇ. ಪೂರ್ವಭಾಗದ ಗೋಧಿ ಸೀಮೆಯ ಶಾಸಕರು ತಮ್ಮೂರಿಗೆ ಕ್ಯಾಮೆರಾ ಬರುವುದೆಂದು ಅಂಜಬೇಕಾಗಲಿಲ್ಲ. ಮೊದಲ ತಪ್ಪಿಗೆ ಎಚ್ಚರಿಕೆ ಮಾತ್ರ, ಆಮೇಲೆ ದಂಡ ಹೆಚ್ಚೆಂದರೆ 75 ಡಾಲರ್. ಖರ್ಚು ಕಳೆದು ಉಳಿದ ಹಣದಲ್ಲಿ ಅರ್ಧ ಪಾದಚಾರಿ ಮತ್ತು ಸೈಕಲ್ ಸವಾರರ ಸುರಕ್ಷತೆಗೆಂದಿರುವ ರಾಜ್ಯದ ನಿಧಿಗೆ. ನಗರ ಬೊಕ್ಕಸ ತುಂಬಿಕೊಳ್ಳಲು ಹೊರಟಿದೆ ಎಂಬ ಆಕ್ಷೇಪಕ್ಕೆ ಉತ್ತರವನ್ನು ಹೀಗೆ ಕಲಮಿನಲ್ಲೇ ಬರೆದಿಡಲಾಯಿತು. ಎರಡೂ ಸದನ ಸೇರಿ 147 ಶಾಸಕರಲ್ಲಿ ಹೆಚ್ಚಿನವರು ಸಿಯಾಟಲ್‌ನ ಹೊರಗಿನವರು. ನಗರಕ್ಕೆ ಎಷ್ಟು ಬೇಕು ಎಂಬುದಕ್ಕಿಂತ, ಹೊರಗಿನ ಶಾಸಕ ಒಪ್ಪಿಕೊಂಡು ತನ್ನ ಕ್ಷೇತ್ರಕ್ಕೆ ಮರಳಿ ಮತದಾರರಿಗೆ ಏನು ಹೇಳಬಲ್ಲ ಎಂಬುದೇ ಮಸೂದೆಯ ಗಾತ್ರವನ್ನು ತೀರ್ಮಾನಿಸುತ್ತದೆ.

ಸಮಿತಿಯ ವಿಚಾರಣೆಯಲ್ಲೂ ಇದೇ ನ್ಯಾಯ. ಮಾತಾಡುವವರು ಮುಂಚಿತವಾಗಿ ಹೆಸರು ಕೊಟ್ಟು ಪರ, ವಿರೋಧ, ಇತರೆ ಎಂಬ ಮೂರರಲ್ಲಿ ಒಂದನ್ನು ಗುರುತಿಸಬೇಕು. ಉದ್ದೇಶ ಸರಿ, ಕಲಮು ಬದಲಾಗಲಿ ಎನ್ನುವವರಿಗೆ ‘ಇತರೆ’ ಅನುಕೂಲ. ಸಿಗುವ ಸಮಯ ಅನೇಕ ಸಲ ಒಂದೆರಡು ನಿಮಿಷ. ನಾಗರಿಕನಾಗಿ ಇಂಥ ವಿಚಾರಣೆಗಳನ್ನು ಕಂಡ ಈ ಲೇಖಕನ ಅನುಭವದಲ್ಲಿ, ಅಧಿಕಾರಿ ಓದುವ ಅಂಕಿಅಂಶ ಕಡತ ಸೇರುತ್ತದೆ. ಜೀಬ್ರಾ ಕ್ರಾಸಿಂಗಿನ ಮೇಲೆ ನಿಂತ ಕಾರನ್ನು ಬಳಸಿಕೊಂಡು ಗಾಲಿಕುರ್ಚಿಯನ್ನು ವಾಹನಗಳ ನಡುವೆ ಇಳಿಸಬೇಕಾದವರ ಮಾತಿಗೆ ಶಾಸಕರು ಮರುಪ್ರಶ್ನೆ ಕೇಳುತ್ತಾರೆ. 1793ರ ಬೆನ್ನಿಗೆ ಅಂಗವಿಕಲರ ಹಕ್ಕುಗಳ ಹೋರಾಟಗಾರರು ನಿಂತದ್ದು ಅದಕ್ಕೇ ಮುಖ್ಯವಾಯಿತು.

ಆದರೆ ಅಂಥ ಬೆಂಬಲವನ್ನು ನಗರ ಸರ್ಕಾರಿ ದುಡ್ಡಿನಲ್ಲಿ ಹುಟ್ಟುಹಾಕುವಂತಿಲ್ಲ. ಅಧಿಕೃತ ನಿಲುವನ್ನು ಶಾಸಕರಿಗೆ ತಿಳಿಸಬಹುದು, ಕೇಳಿದ ಮಾಹಿತಿ ಕೊಡಬಹುದು; ಶಾಸಕರ ಮೇಲೆ ಒತ್ತಡ ತರುವಂತೆ ಜನರನ್ನು ಹುರಿದುಂಬಿಸಲು ತೆರಿಗೆ ಹಣ ಬಳಸುವುದನ್ನು ರಾಜ್ಯದ ಕಾನೂನು ತಡೆಯುತ್ತದೆ. ಲಾಬಿಯ ಖರ್ಚಿನ ವಿವರವನ್ನು ಮೂರು ತಿಂಗಳಿಗೊಮ್ಮೆ ಸಾರ್ವಜನಿಕ ಬಹಿರಂಗ ಆಯೋಗಕ್ಕೆ ಒಪ್ಪಿಸಬೇಕು. ಆದ್ದರಿಂದ ಸಂಘಟನೆಗಳೊಡನೆ ನಂಟು ಅಧಿವೇಶನಕ್ಕೆ ಮೊದಲೇ ಬೆಳೆದಿರಬೇಕು.

ಕೊನೆಯ ಪಾಠ, ಮಸೂದೆ ಅಂಗೀಕಾರವಾದರೂ ಕೆಲಸ ಮುಗಿಯುವುದಿಲ್ಲ. 1793ನೇ ಮಸೂದೆಯಿಂದ ಬಂದ ಕ್ಯಾಮೆರಾ ಅನುಮತಿಗೆ 2023ರ ಜೂನ್ ಕೊನೆಯ ಗಡುವಿತ್ತು. 2022ರಲ್ಲಿ ಅದನ್ನು ಮುಂದೂಡಲಾಯಿತು. 2024ರಲ್ಲಿ ರಾಜ್ಯ ತನ್ನ ಕ್ಯಾಮೆರಾ ಕಾನೂನನ್ನೇ ಒಟ್ಟಾರೆ ಪರಿಷ್ಕರಿಸಿತು. ಪ್ರಯೋಗವೆಂದು ಅನುಮತಿ ಪಡೆದ ನಗರ, ಮೊದಲ ದಿನದಿಂದಲೇ ಎಷ್ಟು ನೋಟಿಸು ಹೋದವು, ಎರಡನೇ ಸಲ ಎಷ್ಟು ಮಂದಿ ಸಿಕ್ಕಿಬಿದ್ದರು, ಬಸ್ಸುಗಳ ಓಟ ಸುಧಾರಿಸಿತೇ ಎಂಬ ಲೆಕ್ಕ ಇಟ್ಟಿರಬೇಕು. ಗಡುವು ಬಂದಾಗ ಸಮಿತಿ ಕೇಳುವುದು ಅದನ್ನೇ.