ಇಲ್ಲದ ಕಾಲು ನೊಂದಾಗ: ಏಳು ಸೂತ್ರಗಳು

ಶುಗರ್ ಇದ್ದವರ ಪಾದದ ಗಾಯ ಕೊಳೆತು, ಶಿಗ್ಗಾಂವಿ ಹೆದ್ದಾರಿಯಲ್ಲಿ ಅಪಘಾತವಾಗಿ, ಹಿರೇಕೆರೂರು ಕಡೆ ಗೋವಿನಜೋಳದ ರಾಶಿ ಮಷಿನ್ನಿಗೆ ಸಿಕ್ಕು... ಕೈಕಾಲು ಕಳೆದುಕೊಳ್ಳಲು ಕಾರಣಗಳು ಹಲವು. ಆಪರೇಷನ್ ಮುಗಿದ ಮೇಲೂ ನೋವು ಉಳಿಯುತ್ತದೆ. ಅದನ್ನು ಹಿಡಿತಕ್ಕೆ ತರಲು ಸಾಧ್ಯವಿದೆ.

1. ಬಾಯಿಬಿಟ್ಟು ಹೇಳಿ. “ಕಾಲ ಇಲ್ಲ, ಬೆರಳು ಹ್ಯಾಂಗ ಉರೀತಾವ್ರಿ ಡಾಕ್ಟರ್?” ಎಂದು ಕೇಳಲು ಸಂಕೋಚ ಬೇಡ. ಇದು ಗಾಳಿಯಲ್ಲ, ಭ್ರಮೆಯೂ ಅಲ್ಲ. ಕಾಲು ಹೋದರೂ ಮಿದುಳಿನಲ್ಲಿ ಅದರ ಜಾಗ ಹಾಗೇ ಇರುತ್ತದೆ. ಕತ್ತರಿಸಿದ ನರದ ತುದಿ ಸುದ್ದಿ ಕಳಿಸುತ್ತಲೇ ಇರುತ್ತದೆ. ಅಮೆರಿಕದ ವೈದ್ಯ ಸೈಲಾಸ್ ವೇರ್ ಮಿಚೆಲ್ 1871ರಲ್ಲೇ ಇದಕ್ಕೊಂದು ಹೆಸರಿಟ್ಟಿದ್ದರು. ಅಂಗ ಕಳೆದುಕೊಂಡವರಲ್ಲಿ ಬಹುಪಾಲು ಜನರಿಗೆ ಈ ಅನುಭವವಾಗುತ್ತದೆ.

2. ಯಾವ ನೋವೆಂದು ಗುರುತಿಸಿ. ಇಲ್ಲದ ಕಾಲಿನ ನೋವು ಬೇರೆ, ಹೊಲಿಗೆಯ ನೋವು ಬೇರೆ. ಹೊಲಿಗೆಯದು ವಾರದಿಂದ ವಾರಕ್ಕೆ ಇಳಿಯಬೇಕು. ಇಳಿಯದೆ ಏರಿದರೆ, ಕೀವು, ಕೆಂಪು, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

3. ಗುಳಿಗೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ನರದ ಉರಿಗೆ ವೈದ್ಯರು ಗಾಬಾಪೆಂಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್‌ನಂಥವು ಬರೆಯಬಹುದು. ತೂಕಡಿಕೆ ಬಂದರೆ ಅವರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಅಂಗಡಿಯಿಂದ ನೋವಿನ ಗುಳಿಗೆ ಕೊಂಡು ದಿನಾ ನುಂಗಿದರೆ ಶುಗರ್ ಇದ್ದವರ ಕಿಡ್ನಿಗೆ ಅಪಾಯ.

4. ಮೊಣಕಾಲಡಿ ದಿಂಬು ಇಡಬೇಡಿ. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಅಕ್ಕರೆಯಿಂದಲೇ ಮನೆಯವರು ದಿಂಬು ಇಡುತ್ತಾರೆ, ಜೋಲುವ ಹೊರಸಿನ ಮೇಲೆ ಮಲಗಿಸುತ್ತಾರೆ. ಕೀಲು ಮಡಚಿದಂತೆಯೇ ಬಿಗಿದುಕೊಂಡರೆ ಮುಂದೆ ಕೃತಕ ಕಾಲು ತೊಡುವುದೇ ಕಷ್ಟ. ವೈದ್ಯರು ಒಪ್ಪಿದರೆ ಗಟ್ಟಿ ನೆಲದ ಚಾಪೆಯ ಮೇಲೆ ದಿನಕ್ಕೆರಡು ಸಲ ಇಪ್ಪತ್ತು ನಿಮಿಷ ಬೋರಲು ಮಲಗಿ.

5. ಕತ್ತರಿಸಿದ ಕಾಲಿನ ತುದಿಗೆ ಕಟ್ಟುವ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸುತ್ತಿ. ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಬಳೆಯಂತೆ ಸುತ್ತಿದರೆ ರಕ್ತ ನಿಲ್ಲುತ್ತದೆ. ನರ್ಸಮ್ಮನಿಂದ ಕೈಯಾರೆ ಕಲಿತುಕೊಳ್ಳಿ.

6. ಕನ್ನಡಿ ಹಿಡಿಯಿರಿ. ತಮಿಳುನಾಡು ಮೂಲದ ವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಇದು. ಉದ್ದನೆಯ ಕನ್ನಡಿಯನ್ನು ಎರಡು ತೊಡೆಗಳ ನಡುವೆ ನಿಲ್ಲಿಸಿ, ಇರುವ ಕಾಲಿನ ಬೆರಳು ಮಡಚಿ, ಬಿಚ್ಚಿ, ಕನ್ನಡಿಯನ್ನೇ ನೋಡಿ. ಹೋದ ಕಾಲು ಆಡಿದಂತೆ ಕಾಣುತ್ತದೆ. ಮುಷ್ಟಿ ಕಟ್ಟಿದಂತಿದ್ದ ಬೆರಳು ಸಡಿಲವಾಯಿತು ಎನ್ನುವವರಿದ್ದಾರೆ. ದಿನಕ್ಕೆ ಹದಿನೈದು ನಿಮಿಷ, ಕೆಲವು ವಾರ ಮಾಡಿ ನೋಡಿ. ಎಲ್ಲರಿಗೂ ಫಲಿಸುವುದಿಲ್ಲ, ಆದರೆ ಖರ್ಚಿಲ್ಲ. ಗಾಯ ಪೂರ್ತಿ ಮಾಯ್ದ ಮೇಲೆ ತುದಿಯನ್ನು ಮೊದಲು ಹತ್ತಿಯಿಂದ, ಆಮೇಲೆ ಒರಟು ಟವೆಲ್ಲಿನಿಂದ ಸವರುವುದೂ ಮುಟ್ಟಿದರೆ ಬೆಚ್ಚುವುದನ್ನು ತಗ್ಗಿಸುತ್ತದೆ.

7. ಕೃತಕ ಕಾಲಿಗೆ ಬೇಗ ವಿಚಾರಿಸಿ. ನಡೆಯತೊಡಗಿದರೆ ಹಲವರಿಗೆ ನೋವೂ ಹಗುರಾಗುತ್ತದೆ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗ ಕೆಎಂಸಿಆರ್‌ಐ) ಆವರಣದ ಮಹಾವೀರ ಲಿಂಬ್ ಸೆಂಟರ್ ಉಚಿತವಾಗಿ ಕೃತಕ ಅಂಗ ಜೋಡಿಸುತ್ತದೆ. ಸವಣೂರಿನವರಿಗೂ ಹಾನಗಲ್ಲಿನವರಿಗೂ ಒಂದು ದಿನದಲ್ಲಿ ಹೋಗಿ ಬರುವ ದಾರಿ. ಹಿರೇಕೆರೂರಿನವರು ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು. ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಹೋದ ಕಾಲಿನ ಚಪ್ಪಲಿ ಇನ್ನೂ ಮನೆಯಲ್ಲಿದ್ದರೆ ಅದನ್ನೂ ಒಯ್ಯಿರಿ, ಹೊಸ ಪಾದಕ್ಕೆ ಅದು ಬೇಕಾಗುತ್ತದೆ.