ಕಾರಿನ ಸ್ಟೀರಿಯೊಗೆ ಸಬ್‌ವೂಫರ್ ಸೇರಿಸುವ ಮುನ್ನ

ಠಾಣೆ, ದಿವಾ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿ ಕಾರಿನಲ್ಲೇ ಊರಿಗೆ ಹೋಗಿಬರುವ ಕನ್ನಡಿಗರು, ಕಂಪನಿ ಅಳವಡಿಸಿದ ಸ್ಟೀರಿಯೊವನ್ನು ಉಳಿಸಿಕೊಂಡೇ ಅದಕ್ಕೆ ಸಬ್‌ವೂಫರನ್ನೂ, ಅಂದರೆ ಡಗ್ಗಾದಂತಹ ತಗ್ಗು ನಾದಗಳನ್ನು ಮಾತ್ರ ಹೊಮ್ಮಿಸುವ ದೊಡ್ಡ ಸ್ಪೀಕರನ್ನೂ, ಅದಕ್ಕೆ ಬಲ ಕೊಡುವ ಆಂಪ್ಲಿಫೈಯರನ್ನೂ ಸೇರಿಸಬಹುದು. ಇಂತಹ ಸ್ಟೀರಿಯೊಗಳಲ್ಲಿ ಆಂಪ್ಲಿಫೈಯರಿಗೆ ಸಂಕೇತ ಕಳಿಸುವ ಆರ್‌ಸಿಎ ಸಾಕೆಟ್ ಅನೇಕ ವೇಳೆ ಇರುವುದಿಲ್ಲವಾದ್ದರಿಂದ, ಸ್ಪೀಕರ್ ತಂತಿಯ ಪ್ರಬಲ ಸಂಕೇತವನ್ನು ತಗ್ಗಿಸಿಕೊಡುವ ಲೈನ್ ಔಟ್‌ಪುಟ್ ಕನ್ವರ್ಟರ್ ಬೇಕಾಗುತ್ತದೆ. ಆಂಪ್ಲಿಫೈಯರಿನಲ್ಲೇ ಸ್ಪೀಕರ್ ತಂತಿಯನ್ನು ನೇರವಾಗಿ ಜೋಡಿಸಬಹುದಾದ ಹೈ ಲೆವೆಲ್ ಇನ್‌ಪುಟ್ ಇದ್ದರೆ ಈ ಕನ್ವರ್ಟರ್ ಬೇಡ.

ಹೆಚ್ಚಿನ ಎಚ್ಚರ ಬೇಕಾದುದು ಪವರ್ ತಂತಿಯ ವಿಷಯದಲ್ಲಿ. 500 ವಾಟ್ ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿಯುಳ್ಳ ಆಂಪ್ಲಿಫೈಯರು 12 ವೋಲ್ಟಿನಲ್ಲಿ ಪೂರ್ಣ ಬಲದಿಂದ ದುಡಿದಾಗ 40 ಆಂಪಿಯರಿಗೂ ಮೀರಿ ವಿದ್ಯುತ್ ಎಳೆಯುವುದರಿಂದ, ತೆಳು ತಂತಿ ಕಾದು ಬೆಂಕಿಗೆ ದಾರಿಯಾದೀತು. ಆದಕಾರಣ ದಪ್ಪ ತಾಮ್ರದ ತಂತಿಯನ್ನು ನೇರವಾಗಿ ಬ್ಯಾಟರಿಯಿಂದಲೇ ಎಳೆದು, ಅಲ್ಲಿಂದ ಸುಮಾರು 45 ಸೆಂಟಿಮೀಟರಿನೊಳಗೆ ಫ್ಯೂಸ್ ಹಾಕಿಸಲೇಬೇಕು. ಅರ್ಥಿಂಗ್ ತಂತಿ ಗಿಡ್ಡವಾಗಿದ್ದು, ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಕೂರಬೇಕು. ಕಂಪನಿಯ ವೈರಿಂಗನ್ನು ಕತ್ತರಿಸಿದರೆ ವಾರಂಟಿಗೆ ತೊಡಕಾಗಬಹುದು, ಆದ್ದರಿಂದ ಕಪ್ಲರ್ ಬಳಸುವುದೇ ಲೇಸು.

ಮಳೆಗಾಲದಲ್ಲಿ ನೀರು ನಿಲ್ಲುವ ದಿವಾದಂತಹ ತಗ್ಗು ಪ್ರದೇಶದಲ್ಲಿ ಆಂಪ್ಲಿಫೈಯರನ್ನು ಸೀಟಿನಡಿಯ ನೆಲಕ್ಕೆ ಹಾಕಿಸದೆ ಡಿಕ್ಕಿಯಲ್ಲಿ ಎತ್ತರಿಸಿ ಕೂರಿಸುವುದು ಕ್ಷೇಮ. ತಗ್ಗು ನಾದವನ್ನಷ್ಟೇ ಬಿಡುವ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್ ಆಸುಪಾಸಿಗೆ ಇಟ್ಟು, ಗೇನ್ ಗುಂಡಿಯನ್ನು ವಾಲ್ಯೂಮ್ ಎಂದು ಭಾವಿಸದೆ, ಧ್ವನಿ ಒಡೆಯುವ ಹಂತಕ್ಕಿಂತ ಕೆಳಗೇ ನಿಲ್ಲಿಸಬೇಕು.

ತಗ್ಗು ನಾದ ಗೋಡೆಗಳನ್ನು ಸುಲಭವಾಗಿ ದಾಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿರುವುದರಿಂದ, ಕಟ್ಟಡಗಳು ಒತ್ತೊತ್ತಾಗಿರುವ ದಿವಾದ ಗಲ್ಲಿಗೆ ಕಾರು ತಿರುಗುವಾಗ ಓದುಗರು ಸಬ್‌ವೂಫರನ್ನು ದಯವಿಟ್ಟು ತಗ್ಗಿಸಬೇಕು.