ಅಂತರಜಾಲಕ್ಕೆ ಯಾವ ಗಣಕಯಂತ್ರ ಕ್ಷೇಮ?



ಕಳೆದ ಮಾಸಿಕ ಸಭೆಯಲ್ಲಿ ಸದಸ್ಯರೊಬ್ಬರು ಈ ಪ್ರಶ್ನೆ ಎತ್ತಿದರು. ಅವರ ಮನೆಯಲ್ಲಿರುವುದು ವಿಂಡೋಸ್ 7 ಇರುವ ಹಳೆಯ ಗಣಕಯಂತ್ರ. ಪಹಣಿ ನೋಡುವುದೂ ಬ್ಯಾಂಕಿನ ವ್ಯವಹಾರವೂ ಅದರಲ್ಲೇ. ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿರುವ ಮಗಳು “ಅಪ್ಪಾ, ಲಿನಕ್ಸ್ ಹಾಕಿಸಿ” ಎನ್ನುತ್ತಾಳಂತೆ. ಅಂಗಡಿಯವರು ಹೊಸದನ್ನೇ ಕೊಳ್ಳಿ ಎನ್ನುತ್ತಾರಂತೆ.

ಕೊಳೆರೋಗಕ್ಕೆ ಮಳೆಗೆ ಮೊದಲು ಒಮ್ಮೆ ಬೋರ್ಡೋ ಹೊಡೆದು ಸುಮ್ಮನಾದರೆ ಅಡಿಕೆ ಉಳಿಯದು. 40–45 ದಿನಕ್ಕೆ ಮತ್ತೆ ಹೊಡೆಯಬೇಕು. ಗಣಕಯಂತ್ರವೂ ಹಾಗೆಯೇ. ದೋಷ ಕಂಡಂತೆಲ್ಲ ತಯಾರಕರು ತಿದ್ದುಪಡಿ ಕಳಿಸುತ್ತಾರೆ. ಇದೇ ಅಪ್‌ಡೇಟ್. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಜಗತ್ತಿನಾದ್ಯಂತ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದಕ್ಕೆ ಮದ್ದು ಮಾರ್ಚ್ ತಿಂಗಳಲ್ಲೇ ಬಂದಿತ್ತು. ಕೆಟ್ಟವು ಬಹುಪಾಲು ಆ ಮದ್ದು ಹಾಕಿಸದ ವಿಂಡೋಸ್ 7 ಯಂತ್ರಗಳು.

ವಿಂಡೋಸ್ 7ಕ್ಕೆ ತಿದ್ದುಪಡಿ 2020ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ ಬಳಸುವವರು ಹೆಚ್ಚು, ಆದ್ದರಿಂದ ಕಳ್ಳರ ಕಣ್ಣೂ ಅದರ ಮೇಲೇ ಹೆಚ್ಚು. ಲಿನಕ್ಸ್‌ನಲ್ಲಿ ತಂತ್ರಾಂಶಗಳು ಸಾಮಾನ್ಯವಾಗಿ ಒಂದೇ ನಂಬಿಕೆಯ ಉಗ್ರಾಣದಿಂದ ಬರುತ್ತವೆ. ಗುಪ್ತಪದ ಕೊಡದೆ ವ್ಯವಸ್ಥೆಯ ಒಳಭಾಗ ಬದಲಾಗದು. ಆ್ಯಪಲ್‌ನ ಮ್ಯಾಕ್ ಕೂಡ ಭದ್ರವೇ, ಆದರೆ 2012ರಲ್ಲಿ ‘ಫ್ಲ್ಯಾಶ್‌ಬ್ಯಾಕ್’ ಸುಮಾರು 6 ಲಕ್ಷ ಮ್ಯಾಕ್‌ಗಳಿಗೆ ತಗುಲಿತ್ತು. ರೋಗವೇ ತಗುಲದ ತಳಿ ಯಾವುದೂ ಇಲ್ಲ.

ಹಾಗಾಗಿ ಮಗಳ ಮಾತೇ ಸರಿ. ಹಳೆಯ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿಸಿದರೆ ಖರ್ಚಿಲ್ಲದೆ ತಿದ್ದುಪಡಿ ಸಿಗುತ್ತದೆ. ಮೊದಲು ಕಡತಗಳ ಪ್ರತಿ ತೆಗೆದಿಡಿ. ಇದು ಕಲಿಯಲಾಗದ ವಿದ್ಯೆಯೂ ಅಲ್ಲ: ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಕ್ಕಳು ಕೇರಳದ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲೇ ಗಣಕಪಾಠ ಕಲಿಯುತ್ತಾರೆ. ಟ್ಯಾಲಿಯಲ್ಲಿ ಲೆಕ್ಕ ಇಡುವವರು ಮಾತ್ರ ವಿಂಡೋಸ್ 11 ಇರುವ ಯಂತ್ರವನ್ನೇ ಇಟ್ಟುಕೊಳ್ಳುವುದು ಲೇಸು.

ಒಂದು ಎಚ್ಚರಿಕೆ. ಬ್ಯಾಂಕಿನಂತೆಯೇ ಕಾಣುವ ನಕಲಿ ಪುಟದಲ್ಲಿ ನೀವೇ ಗುಪ್ತಪದ ಬರೆದುಕೊಟ್ಟರೆ ಯಾವ ವ್ಯವಸ್ಥೆಯೂ ಕಾಯದು. ಮೊಬೈಲ್‌ಗೆ ಮದುವೆ ಕರೆಯೋಲೆ, ದಂಡದ ಚಲನ್ ಎಂದು ಬರುವ ‘ಎಪಿಕೆ’ ಕಡತಗಳನ್ನು ತೆರೆಯಬಾರದು. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ವರ್ಷವಿಡೀ ದುಡಿದು ಮಾರಿದ ಫಸಲಿನ ಹಣ ಅದು. ತೋಟಕ್ಕೆ ಹಾಕುವ ಬೇಲಿಯಷ್ಟೇ ಕಾಳಜಿ ಅದಕ್ಕೂ ಇರಲಿ.

— ಕಾರ್ಯದರ್ಶಿ